ಮಂತ್ರಕ್ಕೆ ರಾಗಿ ಅಳೆದ ಬೆಟ್ಟ

ಆಟವೊಂದಕ್ಕೆ ನಿಯಮ ಬರೆದು ಗೋಡೆಗೆ ತೂಗುಹಾಕುವುದು ಊಟಿಗೆ ಹೊಸದಲ್ಲ. 1875ರಲ್ಲಿ ಜಬಲ್ಪುರದ ಸೇನಾ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಕಿರಿಯ ಅಧಿಕಾರಿ ಬಿಲಿಯರ್ಡ್ಸ್ ಮೇಜಿನ ಮೇಲೆ ಒಂದಷ್ಟು ಬಣ್ಣದ ಚೆಂಡು ಸೇರಿಸಿ ಸ್ನೂಕರ್ ಹುಟ್ಟುಹಾಕಿದ. ಅದಕ್ಕೆ ಸರಿಯಾದ ನಿಯಮಾವಳಿ ಸಿಕ್ಕಿದ್ದು 1882ರಲ್ಲಿ, ಊಟಿ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯಲ್ಲಿ. ಪ್ರವಾಸಿಗರಿಗೆ ಇವತ್ತಿಗೂ ಈ ಕತೆ ಹೇಳುತ್ತಾರೆ. ಆದರೆ ಅದೇ ಹೊತ್ತಿನಲ್ಲಿ ಕ್ಲಬ್ಬಿನ ಸುತ್ತಲಿನ ಬೆಟ್ಟಗಳ ಮೇಲೆ ಇನ್ನೊಂದು ನಿಯಮಾವಳಿ ಚಾಲ್ತಿಯಲ್ಲಿತ್ತು. ಯಾರು ಕಬ್ಬಿಣ ಬಡಿಯಬೇಕು, ಯಾರು ಮೊದಲ ಹಿಡಿ ಬೀಜ ಬಿತ್ತಬೇಕು, ಯಾರು ಸೇತುವೆ ದಾಟಬಾರದು, ಯಾರ ಮಂತ್ರಕ್ಕೆ ಎಷ್ಟು ರಾಗಿ ಅಳೆಯಬೇಕು ಎಂಬುದನ್ನೆಲ್ಲ ಅದು ನಿರ್ಧರಿಸುತ್ತಿತ್ತು. ಅದನ್ನು ಯಾರೂ ಬರೆದು ತೂಗುಹಾಕಿರಲಿಲ್ಲ, ಎಲ್ಲರಿಗೂ ಬಾಯಿಪಾಠವಿತ್ತು.

ಈ ಎರಡನೆಯ ನಿಯಮಾವಳಿಯನ್ನು ನೆನೆಯಲು ಕಾರಣ ಈಗಿನ ಹುಡುಗರ ಒಂದು ಆಟ. ಬೆಂಗಳೂರಿನ ಬೋರ್ಡ್ ಗೇಮ್ ಕೆಫೆಗಳಲ್ಲಿ ವಾರಾಂತ್ಯದ ಸಂಜೆ ನಾಲ್ಕೈದು ಜನ ಮೇಜಿನ ಸುತ್ತ ಕೂತು, ಇಪ್ಪತ್ತು ಮುಖದ ದಾಳ ಉರುಳಿಸಿ, ತಾವೇ ಬೇರೆ ಯಾರೋ ಆಗಿ ಮಾತಾಡುತ್ತಿರುತ್ತಾರೆ. ರೋಲ್‌ಪ್ಲೇಯಿಂಗ್ ಗೇಮ್ ಎಂದರೆ ಏನೆಂದು ಕರಾವಳಿ, ಮಲೆನಾಡಿನವರಿಗೆ ವಿವರಿಸುವುದು ಸುಲಭ: ಅದು ಹೆಚ್ಚುಕಡಿಮೆ ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ. ಪ್ರಸಂಗ ಇದೆ, ಆದರೆ ಅರ್ಥಧಾರಿ ಏನು ಹೇಳುತ್ತಾನೋ ಆ ಗಳಿಗೆಯವರೆಗೆ ಯಾರಿಗೂ ಗೊತ್ತಿಲ್ಲ. ಭಾಗವತನ ಜಾಗದಲ್ಲಿ ಗೇಮ್ ಮಾಸ್ಟರ್ ಇರುತ್ತಾನೆ. ವ್ಯತ್ಯಾಸ ಇಷ್ಟೆ: ತಾಳಮದ್ದಲೆಯ ಕರ್ಣ ಎಷ್ಟೇ ಚೆನ್ನಾಗಿ ವಾದಿಸಿದರೂ ಕೊನೆಗೆ ಸಾಯಲೇಬೇಕು, ಇಲ್ಲಿ ದಾಳ ಒಲಿದರೆ ಬದುಕಿಬಿಡಬಹುದು. ಹಾಗಾಗಿ ಪ್ರಸಂಗಕ್ಕಿಂತ ಲೋಕ ಮುಖ್ಯವಾಗುತ್ತದೆ. ಕತೆ ಎತ್ತ ತಿರುಗಿದರೂ ಕಾಲಡಿ ನೆಲ ಇರಬೇಕಲ್ಲ, ಆ ನೆಲವನ್ನು ಮೊದಲೇ ಕಟ್ಟಿಟ್ಟುಕೊಳ್ಳಬೇಕು.

ಹಾಗೆ ಕಟ್ಟಿದ ಲೋಕಗಳಲ್ಲಿ ಒಂದು ಬಗೆ ಎಲ್ಲರಿಗೂ ಪ್ರಿಯ: ಯಂತ್ರ ಕಡಿಮೆ, ಮಂತ್ರ ಹೆಚ್ಚು. ಉಗಿಬಂಡಿ ಇಲ್ಲ, ಮದ್ದುಗುಂಡು ಇಲ್ಲ, ಗಡಿಯಾರವೂ ಇಲ್ಲ. ಆದರೆ ಬೀದಿಗೊಬ್ಬ ಮಾಂತ್ರಿಕ. ಕೇಳಲು ಚಂದ. ಆದರೆ ಹತ್ತು ನಿಮಿಷ ಯೋಚಿಸಿದರೆ ಈ ಲೋಕ ಕುಸಿದುಬೀಳುತ್ತದೆ. ಕೈಬೀಸಿದರೆ ಬೆಂಕಿ ಹತ್ತುವುದಾದರೆ ಸೌದೆ ಮಾರುವವನ ಗತಿ ಏನು? ಮಂತ್ರದಿಂದ ಮಳೆ ಬರುವುದಾದರೆ ಕೆರೆ ಯಾಕೆ ಕಟ್ಟಿದರು? ಹೆಚ್ಚಿನ ಆಟಗಳು ಈ ಪ್ರಶ್ನೆಗಳನ್ನು ಕೇಳುವುದಿಲ್ಲ. ಅದಕ್ಕೆ ಅವುಗಳ ಹುಟ್ಟೇ ಕಾರಣ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಸೈನಿಕರ ಗೊಂಬೆಗಳನ್ನಿಟ್ಟು ಆಡುವ ಯುದ್ಧದಾಟದಿಂದ ಮೂಡಿದ್ದು. ಅದಕ್ಕೂ ಮೊದಲು 1971ರಲ್ಲಿ ಬಂದ ಚೈನ್‌ಮೇಲ್ ಎಂಬ ಯುದ್ಧದಾಟದ ಅನುಬಂಧದಲ್ಲಿ ಮಾಂತ್ರಿಕನ ಬೆಂಕಿಯುಂಡೆಯನ್ನು ದೊಡ್ಡ ಕವಣೆಯಂತ್ರದ ಹೊಡೆತದಷ್ಟು ಎಂದೂ, ಅವನ ಮಿಂಚನ್ನು ಫಿರಂಗಿಯ ಹೊಡೆತದಷ್ಟು ಎಂದೂ ಲೆಕ್ಕ ಹಾಕಿದ್ದರು. ಹೀಗಾಗಿ ಅಲ್ಲಿನ ಮಾಂತ್ರಿಕ ಗಡ್ಡ ಬಿಟ್ಟ ಫಿರಂಗಿ. ಓದಿದ ಮಂತ್ರ ಒಮ್ಮೆ ಪ್ರಯೋಗಿಸಿದರೆ ಮರೆತುಹೋಗುತ್ತದೆ ಎಂಬ ನಿಯಮವನ್ನು ಜ್ಯಾಕ್ ವ್ಯಾನ್ಸ್ ಎಂಬ ಕತೆಗಾರನಿಂದ ಎರವಲು ತಂದರು. ಅದೂ ಮದ್ದು ತುಂಬಿ ಹಾರಿಸುವ ಲೆಕ್ಕಕ್ಕೇ ಹೊಂದಿತು.

ಮಂತ್ರವನ್ನು ಆಯುಧವೆಂದು ತಿಳಿದರೆ ಸಿಗುವುದು ಇಷ್ಟೇ. ಅದನ್ನು ಊರೊಳಗಿನ ಒಂದು ಕಸುಬು ಎಂದು, ಕೊಡುವವರು ಪಡೆಯುವವರು ಇರುವ, ಬಾಕಿ ಉಳಿಯುವ, ಜಗಳ ಹುಟ್ಟಿಸುವ ವ್ಯವಹಾರ ಎಂದು ತಿಳಿದರೆ ಏನು ಸಿಗುತ್ತದೆ? ಅದನ್ನು ನೋಡಲು ಕಲ್ಪನೆಯೇ ಬೇಕಿಲ್ಲ, ಗುಂಡ್ಲುಪೇಟೆ ದಾಟಿ ಬಂಡೀಪುರದ ಮೇಲೆ ಹೋದರೆ ಸಾಕು.

ನೀಲಗಿರಿಯ ನೆತ್ತಿ ಸುಮಾರು ಎರಡು ಸಾವಿರ ಮೀಟರ್ ಎತ್ತರದ ಹುಲ್ಲುಗಾವಲು. ದೊಡ್ಡಬೆಟ್ಟ 2,637 ಮೀಟರ್. ಕೆಳಗೆ ಸುತ್ತಲೂ ಒಂದು ಕಾಲಕ್ಕೆ ಮಲೇರಿಯಾದ ದಟ್ಟ ಕಾಡು. ಉತ್ತರಕ್ಕೆ ಮಸಿನಗುಡಿಯ ಕುರುಚಲು ಬಯಲು ಮತ್ತು ಮೋಯಾರಿನ ಆಳ ಕಮರಿ. ರಾಜರು ಆಗಾಗ ಹತ್ತಿ ಇಳಿದರು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ತೋಡರನ್ನು ಬೆದರಿಸಿದನೆಂದು ಚಾಮರಾಜನಗರದ 1117ರ ಶಾಸನ ಹೇಳುತ್ತದೆ. 1603ರಲ್ಲಿ ಫೆನಿಸಿಯೊ ಎಂಬ ಜೆಸುಯಿಟ್ ಪಾದ್ರಿ ಮಲಬಾರಿನ ಕಡೆಯಿಂದ ಹತ್ತಿ ಬಂದಾಗ ತೋಡರ ಜತೆ ಬಡಗರೂ ಅಲ್ಲಿದ್ದರು. ಆಮೇಲೆ ಎರಡು ಶತಮಾನ ಹೊರಗಿನವರು ಹೆಚ್ಚು ತಲೆಹಾಕಲಿಲ್ಲ. ಆಟಕ್ಕೆ ಲೋಕ ಕಟ್ಟುವವರು ದ್ವೀಪವನ್ನೋ ಮರಳುಗಾಡಿನ ನಡುವಿನ ಓಯಸಿಸ್ಸನ್ನೋ ಹುಡುಕುತ್ತಾರಲ್ಲ, ಅಂಥದೇ ಜಾಗ.

ಇಲ್ಲಿ ಎತ್ತರಕ್ಕೊಂದು ಬದುಕು. ಹುಲ್ಲಿನ ಮೇಲೆ ಎಮ್ಮೆ ಕಾಯುವ ತೋಡರು. ಅದರ ಕೆಳಗೆ ರಾಗಿ, ಸಾಮೆ ಬೆಳೆಯುವ ಬಡಗರು. ವಿಜಯನಗರ ಬಿದ್ದ ಮೇಲಿನ ಕಾಲದಲ್ಲಿ ಮೈಸೂರಿನ ದಕ್ಷಿಣದ ಬಯಲಿನಿಂದ ಹತ್ತಿ ಹೋದವರು, ಮಾತು ನಮ್ಮ ಕಿವಿಗೆ ಅರ್ಧ ತಿಳಿಯುವಂಥದು. ಅವರ ನಡುವೆ ಏಳೇ ಊರುಗಳಲ್ಲಿ ಕೋತರು. ಅವರನ್ನು ಒಂದು ಕರಿ ಹಸು ಮುಂದೆ ನಡೆದು ಕರೆತಂದಿತಂತೆ. ಅದು ಎಲ್ಲೆಲ್ಲಿ ಹೆಜ್ಜೆ ಊರಿ ನಿಂತಿತೋ ಅಲ್ಲಲ್ಲಿ ಒಂದೊಂದು ಊರು. ಇಳಿಜಾರಿನ ಕಾಡಿನಲ್ಲಿ ಕುರುಂಬರು, ಇನ್ನೂ ಕೆಳಗೆ ಇರುಳರು. ಕಾಗದದ ಮೇಲೆ ಗೆರೆ ಎಳೆದು ಭೂಪಟ ಮಾಡುವವರು ಈ ಹಸುವಿನ ಕತೆಯನ್ನು ಒಮ್ಮೆ ನೆನೆದರೆ ಒಳ್ಳೆಯದು: ಅಲ್ಲಿ ಭೂಪಟ ಬರೆದದ್ದು ಒಂದು ಪ್ರಾಣಿ, ಮತ್ತು ಅದರ ಆಯ್ಕೆಗೆ ಮೇಲ್ಮನವಿ ಇಲ್ಲ.

ತಂತ್ರಜ್ಞಾನ ಪೂರಾ ಕೋತರ ಕೈಯಲ್ಲಿತ್ತು. ಕತ್ತಿ, ಕೊಡಲಿ, ಕುಡುಗೋಲು ಅವರ ಕುಲುಮೆಯವು. ಮಡಕೆ ಅವರ ಹೆಂಗಸರ ಕೈಯಿಂದ. ಬಡಗ ಮನೆಗೂ ಕೋತ ಮನೆಗೂ ತಲೆತಲಾಂತರದ ನಂಟು: ಈ ಮನೆಗೆ ಬೇಕಾದ ಕಬ್ಬಿಣ ಆ ಮನೆಯಿಂದಲೇ ಬರಬೇಕು, ಸುಗ್ಗಿಯಲ್ಲಿ ಕಾಳು ಆ ಮನೆಗೇ ಹೋಗಬೇಕು. ತೋಡರಿಂದ ತುಪ್ಪ, ಮತ್ತು ಸಾವಿನಲ್ಲಿ ಬಲಿಯಾದ ಎಮ್ಮೆಯ ದೇಹ. ಈ ಕಮ್ಮಾರರೇ ವಾದ್ಯಗಾರರು ಕೂಡ. ಕೋತರ ಕೊಳ್, ತಮಟೆ, ಕೊಂಬು ಮೊಳಗದೆ ಬಡಗರಲ್ಲಾಗಲಿ ತೋಡರಲ್ಲಾಗಲಿ ಹೆಣ ಸರಿಯಾಗಿ ಹೋದಂತಲ್ಲ. ಇಷ್ಟಿದ್ದೂ ಮೇಲುಕೀಳಿನ ಲೆಕ್ಕದಲ್ಲಿ ಅಕ್ಕಪಕ್ಕದವರು ಅವರನ್ನು ಕೆಳಗೇ ಇಟ್ಟಿದ್ದರು. ಸತ್ತ ಎಮ್ಮೆಯ ಮಾಂಸ ತಿನ್ನುತ್ತಾರೆಂಬ ನೆವ. ತಂತ್ರ ಬಲ್ಲವನೇ ಆಳುತ್ತಾನೆ ಎಂದು ಊಹಿಸುವ ಕತೆಗಾರರಿಗೆ ಇದು ಒಳ್ಳೆಯ ಪಾಠ. ಕಬ್ಬಿಣ ಗೊತ್ತಿದ್ದವನನ್ನು ಎಲ್ಲರೂ ಅವಲಂಬಿಸಿದ್ದರು, ಯಾರೂ ಜಗಲಿಗೆ ಕರೆಯಲಿಲ್ಲ.

ಇನ್ನು ಮಂತ್ರ. ಬಡಗರ ಹಟ್ಟಿಗಳಿಗೆ ಗೊತ್ತುಮಾಡಿದ ಒಬ್ಬ ಕುರುಂಬ ಕಾವಲುಗಾರ ಇರುತ್ತಿದ್ದ. ಉಳುಮೆಯ ಮೊದಲ ದಿನ ಮೊದಲ ಹಿಡಿ ಬೀಜ ಅವನ ಕೈಯಿಂದಲೇ ಬೀಳಬೇಕು. ಕೊಯ್ಲಿನಲ್ಲಿ ಮೊದಲ ತೆನೆ ಅವನೇ ಕೀಳಬೇಕು. ಬೆಳೆಗೆ ರೋಗ, ದನಕ್ಕೆ ಬೇನೆ, ಬೇರೆ ಕುರುಂಬರ ಮಾಟ, ಇವೆಲ್ಲವನ್ನೂ ಎಲ್ಲೆಯಿಂದಾಚೆ ನಿಲ್ಲಿಸುವುದು ಅವನ ಹೊಣೆ. ಪ್ರತಿಯಾಗಿ ಮನೆಮನೆಯಿಂದ ಕಾಳು, ಹಬ್ಬದಲ್ಲಿ ಊಟ, ಬಟ್ಟೆ. ಆಯುರ್ವಿಮೆಯ ಏಜೆಂಟನಂತೆ ಕಂತು ವಸೂಲಿ ಎನ್ನಬಹುದು, ಒಂದೇ ಫರಕು: ಈ ಏಜೆಂಟನಿಗೆ ಸಿಟ್ಟು ಬಂದರೆ ಅಪಾಯ ಅವನಿಂದಲೇ ಬರುತ್ತದೆಂದು ಹಟ್ಟಿಯವರು ನಂಬಿದ್ದರು. ಕಾಯುವವನೂ ಅವನೇ, ಕೊಲ್ಲಬಲ್ಲವನೂ ಅವನೇ. ಮಂತ್ರ ಇದ್ದ ಮೇಲೆ ಕೆರೆ ಯಾಕೆ ಎಂದು ಆಗ ಕೇಳಿದೆನಲ್ಲ, ಅದಕ್ಕೆ ಇಲ್ಲಿ ಉತ್ತರ ಇದೆ. ಇಲ್ಲಿ ಮಂತ್ರ ನೇಗಿಲಿನ ಬದಲಿಗೆ ಬರುವುದಿಲ್ಲ, ನೇಗಿಲಿನ ಮುಂದೆ ನಡೆಯುತ್ತದೆ. ಬಡಗನಿಲ್ಲದೆ ಕುರುಂಬನ ಮಂತ್ರಕ್ಕೆ ಹೊಲವಿಲ್ಲ, ಕುರುಂಬನಿಲ್ಲದೆ ಬಡಗನ ಹೊಲಕ್ಕೆ ಧೈರ್ಯವಿಲ್ಲ.

ಇದನ್ನೆಲ್ಲ ಹಾಲುಜೇನಿನ ಹೊಂದಾಣಿಕೆ ಎಂದು ಬಣ್ಣಿಸುವ ಚಾಳಿ ಮಾನವಶಾಸ್ತ್ರಜ್ಞರಲ್ಲೂ ಇತ್ತು. ನಂಬಬೇಕಿಲ್ಲ. ಬಯಲಿನ ಜತೆ ಬೆಟ್ಟಕ್ಕೆ ವ್ಯಾಪಾರವಿತ್ತು, ಉಪ್ಪು ಕೆಳಗಿನಿಂದಲೇ ಬರಬೇಕಿತ್ತು, ಕಂದಾಯಕ್ಕೆ ಕೆಳಗಿನ ದೊರೆಗಳು ಕೈಚಾಚುತ್ತಿದ್ದರು. ಕೊಟ್ಟ ಕಾಳು ಕಡಿಮೆಯಾಯಿತೆಂಬ ತಕರಾರು ಎಲ್ಲ ಕಡೆಯೂ ಇದ್ದದ್ದೇ. ಆಟಕ್ಕೆ ಬೇಕಾದ್ದೂ ಆ ತಕರಾರೇ.

ಶಕ್ತಿಗೆ ತೆರಬೇಕಾದ ಬೆಲೆಯ ಮಾತಿಗೆ ಬಂದರೆ ತೋಡರ ಹೈನುಗುಡಿಯನ್ನು ಮೀರಿಸುವ ಮಾದರಿಯನ್ನು ನಾನು ಯಾವ ಆಟದ ಪುಸ್ತಕದಲ್ಲೂ ಕಂಡಿಲ್ಲ. ಅರ್ಧ ಪೀಪಾಯಿ ಕವುಚಿಟ್ಟ ಹಾಗೆ ಬಾಗಿದ ಹುಲ್ಲಿನ ಮಾಡು. ಬಾಗಿಲು ಎಷ್ಟು ಕಿರಿದೆಂದರೆ ಒಳಗೆ ಹೋಗಲು ತೆವಳಬೇಕು. ಒಳಗೆ ಎರಡು ಕೋಣೆ. ಒಳಕೋಣೆಯಲ್ಲಿ ಪವಿತ್ರ ಎಮ್ಮೆಗಳ ಹಾಲು ಕಡೆಯುವ ಪಾತ್ರೆಗಳು. ಡಬ್ಲ್ಯು.ಎಚ್.ಆರ್. ರಿವರ್ಸ್ 1901–02ರಲ್ಲಿ ಇಲ್ಲಿದ್ದು, ಗುಡಿಗುಡಿಯ ಪದ್ಧತಿಯನ್ನು ಕೇಳಿ ಬರೆದುಕೊಂಡು 1906ರಲ್ಲಿ ದೊಡ್ಡದೊಂದು ಗ್ರಂಥವನ್ನೇ ಪ್ರಕಟಿಸಿದ. ಗುಡಿಗಳಲ್ಲಿ ಅಂತಸ್ತುಗಳಿವೆ, ಅಂತಸ್ತು ಏರಿದಷ್ಟೂ ಪೂಜಾರಿಗೆ ಕಟ್ಟು ಬಿಗಿ. ರಿವರ್ಸ್ ಕಂಡ ಕಾಲದಲ್ಲಿ ಎಲ್ಲಕ್ಕಿಂತ ಮೇಲಿನವನು ಪಲೋಲ್. ಆ ಹುದ್ದೆಯಲ್ಲಿರುವಷ್ಟು ಕಾಲ ಅವನಿಗೆ ಹೆಂಡತಿಯ ಸಂಗವಿಲ್ಲ. ಕೂದಲು ಉಗುರು ಕತ್ತರಿಸುವಂತಿಲ್ಲ. ಹೊಳೆಯನ್ನು ಸೇತುವೆಯ ಮೇಲಿಂದ ದಾಟುವಂತಿಲ್ಲ, ನೀರಿಗಿಳಿದು ಕಡವಿನಲ್ಲೇ ಹಾಯಬೇಕು, ಅದೂ ಗೊತ್ತಾದ ಕಡವಿನಲ್ಲಿ. ಸ್ವಂತ ಕುಲದಲ್ಲಿ ಸಾವಾದರೆ ಹೋಗುವಂತಿಲ್ಲ. ಹೋದನೋ, ಹುದ್ದೆ ಹೋಯಿತು.

ಇಷ್ಟೆಲ್ಲ ವ್ರತ ಯಾತಕ್ಕೆ? ಬೆಣ್ಣೆ ಕಡೆಯಲು! ಬೆಂಕಿಯುಂಡೆ ಎಸೆಯಲು ಅಲ್ಲ, ರಾಕ್ಷಸನನ್ನು ಕೊಲ್ಲಲು ಅಲ್ಲ. ಆ ಗುಡಿಯಲ್ಲಿ ಅತ್ಯಂತ ಜತನದ ವಸ್ತು ಹೆಪ್ಪು. ನಿನ್ನೆಯ ಮಜ್ಜಿಗೆಯಿಂದ ಇವತ್ತಿನ ಹಾಲು ಹೆಪ್ಪಾಗುತ್ತದೆ, ಇವತ್ತಿನದರಿಂದ ನಾಳೆಯದು. ಹೀಗೆ ಹಿಂದಕ್ಕೆ ಹೋದರೆ ಅದು ದೇವರ ಕಾಲದವರೆಗೆ ಕಡಿಯದ ಸರಪಳಿ. ಯಾವುದೋ ಮೈಲಿಗೆಯಿಂದ ಹೆಪ್ಪು ಕೆಟ್ಟರೆ ಹೊಸದನ್ನು ಹುಟ್ಟಿಸಲು ಬೇರೆಯೇ ವಿಧಿ ನಡೆಯಬೇಕು. ಒಂದು ಲೋಕದ ಮಂತ್ರಶಕ್ತಿಯೆಲ್ಲ ಒಂದು ಗಡಿಗೆ ಹುಳಿ ಮಜ್ಜಿಗೆಯಲ್ಲಿದೆ, ಅದು ಚೆಲ್ಲಿದೆ, ನೆರೆಯ ಗುಡಿಯವನ ಜತೆ ನಿಮಗೆ ಮಾತಿಲ್ಲ ಎಂದು ಆಟಗಾರರಿಗೆ ಹೇಳಿ ನೋಡಿ. ಮೂರು ಸಂಜೆಗೆ ಸಾಕಾಗುವಷ್ಟು ಕತೆ ಅಲ್ಲೇ ಇದೆ.

ತೋಡರ ಬಿಲ್ಲೂ ಹೀಗೇ. ಅವರಿಗೆ ಯುದ್ಧವಿರಲಿಲ್ಲ, ಬೇಟೆಯೂ ಇರಲಿಲ್ಲ. ಆದರೂ ಬಿಲ್ಲುಬಾಣ ಇತ್ತು. ಅಣ್ಣತಮ್ಮಂದಿರು ಸೇರಿ ಒಬ್ಬಳನ್ನು ಮದುವೆಯಾಗುತ್ತಿದ್ದ ಕಾಲದಲ್ಲಿ, ಬಸುರಿಯ ಕೈಗೆ ಪುಟ್ಟ ಬಿಲ್ಲುಬಾಣ ಇಟ್ಟವನೇ ಹುಟ್ಟುವ ಮಗುವಿನ ಅಪ್ಪ. ಆಯುಧ ಇಲ್ಲಿ ದಸ್ತಾವೇಜು. ಆಟದ ಪುಸ್ತಕಗಳಲ್ಲಿ ಬಿಲ್ಲು ಎಂದರೆ ಇಷ್ಟು ದೂರ, ಇಷ್ಟು ಗಾಯ ಎಂಬ ಕೋಷ್ಟಕ ಇರುತ್ತದೆ. ಈ ಬಿಲ್ಲನ್ನು ಯಾವ ಕೋಷ್ಟಕಕ್ಕೆ ಸೇರಿಸುವುದು? ಅವರ ಸೃಷ್ಟಿಕತೆಯಲ್ಲಂತೂ ಮನುಷ್ಯ ಮುಖ್ಯ ಪಾತ್ರಧಾರಿಯೇ ಅಲ್ಲ. ಓನ್ ದೇವರು ನೆಲದಿಂದ 1,600 ಎಮ್ಮೆಗಳನ್ನು ಹೊರತೆಗೆದ, ಅವನ ಹೆಂಡತಿ 1,800. ದೇವರ ಕೊನೆಯ ಎಮ್ಮೆಯ ಬಾಲ ಹಿಡಿದುಕೊಂಡು ಒಬ್ಬ ಮನುಷ್ಯ ಮೇಲೆ ಬಂದ. ಅವನೇ ಮೊದಲ ತೋಡ.

ಈ ಬೆಟ್ಟಕ್ಕೂ ರೋಲ್‌ಪ್ಲೇಯಿಂಗ್ ಆಟಗಳ ಚರಿತ್ರೆಗೂ ತೆಳುವಾದ ಒಂದು ಎಳೆ ಇದೆ. ಮರ್ರೆ ಎಮಿನೋ 1935ರಿಂದ 38ರವರೆಗೆ ಭಾರತದಲ್ಲಿದ್ದು ತೋಡ, ಕೋತ, ಬಡಗ ಮಾತುಗಳನ್ನು ದಾಖಲಿಸಿದರು. ಮುಂದೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರ ವಿಭಾಗ ಕಟ್ಟಿದರು. ಅದೇ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿದ ಎಂ.ಎ.ಆರ್. ಬಾರ್ಕರ್ 1975ರಲ್ಲಿ ‘ಎಂಪೈರ್ ಆಫ್ ದಿ ಪೆಟಲ್ ಥ್ರೋನ್’ ಎಂಬ ಆಟ ಹೊರತಂದರು. ಅದರ ಲೋಕದ ಹೆಸರು ಟೆಕುಮೆಲ್. ಅಲ್ಲಿ ಕಬ್ಬಿಣ ಅಪರೂಪ, ಕವಚವನ್ನೂ ಒಂದು ಪ್ರಾಣಿಯ ಚರ್ಮ ಹದಮಾಡಿ ತಯಾರಿಸುತ್ತಾರೆ. ಮಂತ್ರಕ್ಕೆ ಮಾತ್ರ ಬರವಿಲ್ಲ. ಕುಲ, ಮರ್ಯಾದೆ, ಯಾರಿಗೆ ಯಾವ ಸರ್ವನಾಮ ಬಳಸಬೇಕು ಎಂಬುದರ ಮೇಲೆ ಅಲ್ಲಿ ತಲೆ ಉಳಿಯುವುದು ಹೋಗುವುದು. ಮೂರು ವರ್ಷದ ಬಳಿಕ, 1978ರಲ್ಲಿ ಬಂದ ರೂನ್‌ಕ್ವೆಸ್ಟ್‌ನ ಗ್ಲೊರಾಂತ ಲೋಕದಲ್ಲಿ ಕಂಚಿನ ಯುಗ. ರೈತನಿಗೂ ಒಂದೆರಡು ಮಂತ್ರ ಬರುತ್ತದೆ, ಅವು ಅವನ ದೇವರ ಜತೆಗಿನ ಸಂಬಂಧದಿಂದ ಬರುತ್ತವೆ. ಒಳ್ಳೆಯ ಲೋಕಗಳನ್ನು ಕಟ್ಟಿದವರು ಬೆಂಕಿಯುಂಡೆಯ ಲೆಕ್ಕವನ್ನು ಬೇಗನೆ ಬಿಟ್ಟರು.

ಗೂಡಲೂರಿನ ಕಡೆಗೆ ಇಳಿದರೆ ಮಂತ್ರದ ಇನ್ನೊಂದು ಬಗೆ ಕಾಣುತ್ತದೆ. ಇಲ್ಲಿ ಪಣಿಯರು, ಬೆಟ್ಟ ಕುರುಂಬರು, ಮುಳ್ಳು ಕುರುಂಬರು, ಮತ್ತು ನಮ್ಮ ಜೇನುಕುರುಬರ ನೆಂಟರಂಥ ಕಾಟ್ಟುನಾಯಕರು. 2023ರಲ್ಲಿ ಆಸ್ಕರ್ ಪಡೆದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಸಾಕ್ಷ್ಯಚಿತ್ರದ ತೆಪ್ಪಕಾಡಿನ ಆನೆ ಬಿಡಾರದ ಬೊಮ್ಮನ್, ಬೆಳ್ಳಿ ಕಾಟ್ಟುನಾಯಕ ಸಮುದಾಯದವರು. ನುರಿತ್ ಬರ್ಡ್-ಡೇವಿಡ್ 1970ರ ದಶಕದ ಕೊನೆಯಿಂದ ಈ ಸೀಮೆಯ ಕಾಟ್ಟುನಾಯಕರ ನಡುವೆ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ. ಅವರು ಬರೆದಂತೆ ಅಲ್ಲಿ ‘ದೇವರು’ ಎಂಬುದು ಒಂದು ಜಾತಿಯ ಜೀವಿ ಅಲ್ಲ, ಒಂದು ನಡವಳಿಕೆ. ಹಾಡಿಯ ಮನೆಗಳ ನಡುವೆ ಯಾರಿಗೂ ತೊಂದರೆ ಕೊಡದೆ, ಗಮನವಿಟ್ಟು ನಡೆದುಹೋದ ಆನೆ ‘ಆನೆ ದೇವರು’. ಗುಡಿಸಲು ತುಳಿದದ್ದು ಬರೀ ಆನೆ. ಇವತ್ತಿನ ದೇವರು ನಾಳೆ ಆನೆಯಾಗಬಹುದು. ವರ್ಷದ ಹಬ್ಬದಲ್ಲಿ ದೇವರುಗಳು ಮೈಮೇಲೆ ಬಂದಾಗ ಜನ ಕೈಮುಗಿದು ಸುಮ್ಮನಿರುವುದಿಲ್ಲ. ಹರಟುತ್ತಾರೆ, ನಗಿಸುತ್ತಾರೆ, ನಮ್ಮನ್ನು ಯಾಕೆ ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ಜಗಳ ತೆಗೆಯುತ್ತಾರೆ, ಚೌಕಾಸಿ ಮಾಡುತ್ತಾರೆ. ಗೇಮ್ ಮಾಸ್ಟರ್ ಆದವನಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ರಾಕ್ಷಸರ ಪಟ್ಟಿ, ಪ್ರಾಣಿಗಳ ಪಟ್ಟಿ ಬೇರೆಬೇರೆ ಇಟ್ಟುಕೊಂಡು ಕೂರುವ ಬದಲು, ಎದುರಿಗೆ ಬಂದ ಜೀವ ಈ ಹೊತ್ತು ನಿಮ್ಮೊಡನೆ ಮಾತಿಗೆ ನಿಂತಿದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆಗೆ ದಾಳ ಉರುಳಿಸಿದರಾಯಿತು.

ಈ ಕಾಡುಗಳ ಜೇನಿನ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ ಒಂದು ನಿಯಮ ಇದೆ. ಹೆಜ್ಜೇನು ಕಟ್ಟಿದ ಬಂಡೆಯ ಅಂಚಿನಿಂದ ಬಳ್ಳಿಯ ಏಣಿ ಇಳಿಬಿಟ್ಟು ಒಬ್ಬ ಕೆಳಗಿಳಿಯುತ್ತಾನೆ. ಮೇಲೆ ಬಳ್ಳಿ ಹಿಡಿದು ಕೂರುವವನು ಅಣ್ಣತಮ್ಮನಲ್ಲ, ಹೆಂಡತಿಯ ಅಣ್ಣನೋ ತಮ್ಮನೋ. ಅಕ್ಕನೋ ತಂಗಿಯೋ ವಿಧವೆಯಾಗುವುದು ಅವನಿಗೆ ಬೇಡ. ನಂಬಿಕೆಯನ್ನು ಅಂಕಿಯಲ್ಲಿ ಅಳೆಯುವ ಆಟಗಳು ಈ ಭಾವಮೈದುನನ ಮುಂದೆ ಮಂಕಾಗುತ್ತವೆ.

ಇನ್ನು ಕಹಿ ಭಾಗ. ಕುರುಂಬನ ಮಂತ್ರದ ಮೇಲಿನ ನಂಬಿಕೆ ಕೂಲಿಯಾಗಿ ಮಾತ್ರ ಅವನಿಗೆ ಸಂದಾಯವಾಗಲಿಲ್ಲ. ಹಟ್ಟಿಯಲ್ಲಿ ಸಾಲುಸಾಲಾಗಿ ಸಾವು ಬಿದ್ದರೆ, ದನ ಸತ್ತರೆ, ಕಾಯುವವನ ಮೇಲೇ ಅನುಮಾನ. 1835ರಲ್ಲಿ ಬೆಟ್ಟದ ಜನ ಗುಂಪುಗೂಡಿ ಹೋಗಿ ನಲವತ್ತಕ್ಕೂ ಹೆಚ್ಚು ಕುರುಂಬರನ್ನು ಕೊಂದರು. 1875ರಲ್ಲಿ, 1882ರಲ್ಲಿ ಮತ್ತೆ. 1900ರಲ್ಲಿ ಇಡೀ ಒಂದು ಕುಟುಂಬವನ್ನೇ ಮುಗಿಸಿದರು. ಆ ಮನೆಯ ಹಿರಿಯ ಮದ್ದು ಬಲ್ಲವನೆಂದು ಹೆಸರಾಗಿದ್ದ. ಬ್ರಿಟಿಷರ ಗೆಜೆಟಿಯರುಗಳಲ್ಲಿ ಇವೆಲ್ಲ ಒಂದೆರಡು ಸಾಲಿನಲ್ಲಿ ಬಂದುಹೋಗುತ್ತವೆ. ರಿವರ್ಸ್ ಬರೆದಿರುವ ತೋಡರ ಮಾಟ ಇದಕ್ಕಿಂತ ಎಷ್ಟೋ ಮೃದು: ಐದು ಸಣ್ಣ ಕಲ್ಲು ಮನುಷ್ಯನ ಕೂದಲಲ್ಲಿ ಕಟ್ಟಿ ಆಗದವನ ಮಾಡಿನ ಹುಲ್ಲಿನಲ್ಲಿ ಹುದುಗಿಸುವುದು, ಕಾಯಿಲೆ ಬಿದ್ದವನು ಕಣಿ ಕೇಳಿ ಮಾಟ ಮಾಡಿದವನನ್ನು ಗುರುತಿಸಿ, ಅವನನ್ನು ಒಲಿಸಿಕೊಂಡು ತೆಗೆಸುವುದು. ಅಲ್ಲಿ ಇಬ್ಬರೂ ಒಂದೇ ಜನ, ಮಾತುಕತೆಗೆ ದಾರಿ ಇತ್ತು. ಕೊಂಬೈ ಎಂಬ ಕಾಡಿನ ಹಾಡಿಯಲ್ಲಿ ಬೇರೆಯಾಗಿ ಬದುಕುವ ಕುರುಂಬನಿಗೆ ಆ ದಾರಿ ಇರಲಿಲ್ಲ.

ಆದ್ದರಿಂದ ಫ್ಯಾಂಟಸಿ ಪುಸ್ತಕಗಳಲ್ಲಿ ‘ಹುಟ್ಟಾ ಮಾಂತ್ರಿಕರಾದ ಕಾಡುಜನ’ ಎಂಬ ಅಧ್ಯಾಯ ಕಂಡಾಗ ನನಗೆ ಮೈ ಉರಿಯುತ್ತದೆ. ಹುಟ್ಟಿನಿಂದಲೇ ಕೆಟ್ಟವರಾದ ಓರ್ಕ್‌ಗಳ ಬಗ್ಗೆ ಅಮೆರಿಕದಲ್ಲಿ ಗದ್ದಲವೆದ್ದು, ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಪ್ರಕಾಶಕರು 2020ರಲ್ಲಿ ಇಂಥ ಚಿತ್ರಣ ತಿದ್ದುವುದಾಗಿ ಹೇಳಿದರು. 2022ರಲ್ಲಿ ಬಂದ ಅವರದೇ ಒಂದು ಸಂಕಲನಕ್ಕೆ ಬಂಗಾಳದ ಮಿಮಿ ಮಂಡಲ್ ತಮ್ಮ ನೆಲದ ನದಿ ಮಂಜಿನ ಸಾಹಸಕತೆ ಬರೆದರು. ಅದೇ ವರ್ಷ, ಬಾರ್ಕರ್ ಗುಪ್ತನಾಮದಲ್ಲಿ ನಾಜಿಗಳ ಪರವಾದ ಕಾದಂಬರಿಯೊಂದನ್ನು ಪ್ರಕಟಿಸಿದ್ದು ನಿಜವೆಂದು ಟೆಕುಮೆಲ್ ಫೌಂಡೇಷನ್ ಒಪ್ಪಿಕೊಂಡಿತು. ಲೋಕ ಕಟ್ಟುವವನು ಎಷ್ಟು ಭಾಷೆ ಬಲ್ಲವನಾದರೂ ಆಗಲಿ, ಅವನ ಮನಸ್ಸಿನ ಕೊಳೆ ಎಲ್ಲಿ ಇಳಿದಿದೆಯೋ ಎಂದು ಆಮೇಲೆ ಹುಡುಕುತ್ತ ಕೂರಬೇಕಾಗುತ್ತದೆ. ನೀಲಗಿರಿಯ ಈ ಜನರೆಲ್ಲ ಇವತ್ತು ಮೊಬೈಲ್ ಹಿಡಿದು, ವೋಟು ಹಾಕಿ, ನೌಕರಿ ಮಾಡಿಕೊಂಡು ಬದುಕುತ್ತಿರುವವರು. ತೋಡರ ಕಸೂತಿಗೆ ಜಿಐ ಮಾನ್ಯತೆ ಇದೆ. ಅವರ ಹೆಸರು, ದೇವರು, ಹಾಡು ಎತ್ತಿಕೊಂಡು ಆಟದ ಪೆಟ್ಟಿಗೆಗೆ ತುಂಬುವುದು ಬೇಡ. ಕಲಿಯಬೇಕಾದ್ದು ವ್ಯವಸ್ಥೆಯ ಗಂಟುಗಳನ್ನು.

ಆ ಗಂಟುಗಳಿಂದ ನಾನು ಕಟ್ಟಿಕೊಂಡ ಲೋಕದಲ್ಲಿ ನಾಲ್ಕು ಎತ್ತರಗಳಿವೆ: ಹುಲ್ಲು, ಹೊಲ, ಕುಲುಮೆ, ಕಾಡು. ನಾಲ್ವರು ಆಟಗಾರರು, ಎತ್ತರಕ್ಕೊಬ್ಬರು. ಮಂತ್ರಕ್ಕೆ ಅಂಕ ಇಲ್ಲ, ಹುಣಸೆಬೀಜ ಇವೆ. ಇನ್ನೊಬ್ಬರಿಂದ ಕೆಲಸ ಮಾಡಿಸಿಕೊಂಡರೆ, ಅದು ಕತ್ತಿಯಾಗಲಿ ಮಂತ್ರವಾಗಲಿ, ಒಂದು ಬೀಜ ಅವರ ಮುಂದೆ ಇಡಬೇಕು. ಬೀಜ ಇಟ್ಟುಕೊಂಡವರು ಬೇಕಾದಾಗ ಅದನ್ನು ತೋರಿಸಿ ಋಣ ಕೇಳಬಹುದು, ಇಲ್ಲ ಎನ್ನುವಂತಿಲ್ಲ. ಮೇಜಿನ ನಡುವೆ ಒಂದು ಗಡಿಗೆ. ಕಾರಣ ತಿಳಿಯದ ಕೇಡು ನಡೆದಾಗಲೆಲ್ಲ ಅದಕ್ಕೆ ಒಂದು ಬೀಜ. ಗಡಿಗೆಯಲ್ಲಿ ಹತ್ತು ತುಂಬಿದರೆ ಊರು ಕೂಡುತ್ತದೆ, ಯಾರದೋ ಹೆಸರು ಹೇಳಲೇಬೇಕು. ಹೆಸರು ಹೇಳಿಸಿಕೊಂಡವನ ಮುಂದಿರುವ ಬೀಜಗಳೆಲ್ಲ ರದ್ದು. ಈ ಕೊನೆಯ ವಾಕ್ಯ ಓದಿದ ಕೂಡಲೆ ಚುರುಕಾದ ಆಟಗಾರರು ಪರಸ್ಪರ 
ಮುಖ ನೋಡಿಕೊಳ್ಳುತ್ತಾರೆ. ಅತಿ ಹೆಚ್ಚು ಸಾಲ ಯಾರಿಗೆ ಕೊಡಬೇಕೋ ಅವನೇ ಮಾಟಗಾರನಾದರೆ ಎಷ್ಟು ಅನುಕೂಲ!

ಒಂದು ಸಂಜೆಯ ಪ್ರಸಂಗ ಹೀಗಿರಬಹುದು. ಬಿತ್ತನೆಯ ದಿನ. ಎತ್ತು ಹೂಡಿ ಆಗಿದೆ, ಮೋಡ ಕಟ್ಟಿದೆ, ಮೊದಲ ಹಿಡಿ ಹಾಕಬೇಕಾದ ಕಾಡಿನವನು ಬಂದಿಲ್ಲ. ಹೊಲದವಳು ಕಾಯುತ್ತಾಳೆ. ಕುಲುಮೆಯವನು ಹೇಳುತ್ತಾನೆ, ಹೋದ ಸುಗ್ಗಿಯಲ್ಲಿ ಅವನಿಗೆ ಅಳೆದ ರಾಗಿಯಲ್ಲಿ ಹೊಟ್ಟೇ ಹೆಚ್ಚಿತ್ತು, ನಾನು ನೋಡಿದ್ದೇನೆ. ಮೂವರೂ ಕಾಡಿಗಿಳಿಯುತ್ತಾರೆ. ಹೊಳೆ ತುಂಬಿದೆ, ಮೇಲೆ ಮರದ ಸೇತುವೆ ಇದೆ. ಹೊಲದವಳು, ಕುಲುಮೆಯವನು ದಾಟಿದರು. ಹುಲ್ಲಿನ ಮೇಲಿನ ಹಾಲುಪೂಜಾರಿ ದಾಟುವಂತಿಲ್ಲ. ಸೇತುವೆಗೆ ಕಾಲಿಟ್ಟರೆ ಅವನ ಗುಡಿಯ ಹೆಪ್ಪು ಇವತ್ತಿಗೆ ಸತ್ತಂತೆ. ನೀರಿಗಿಳಿದರೆ ದಾಳ ಹನ್ನೆರಡು ದಾಟಬೇಕು. ಆಚೆ ದಡದಿಂದ ಇಬ್ಬರೂ ಕೂಗುತ್ತಿದ್ದಾರೆ. ಗಡಿಗೆಯಲ್ಲಿ ಆಗಲೇ ಎಂಟು ಬೀಜ. ಇಷ್ಟರಲ್ಲಿ ಯಾರೂ ಕತ್ತಿ ಎತ್ತಿಲ್ಲ, ಯಾರೂ ಮಂತ್ರ ಹೇಳಿಲ್ಲ, ಆದರೆ ಇಡೀ ಮೇಜು ಮಂತ್ರದ ಹಿಡಿತದಲ್ಲಿದೆ.

ದೀರ್ಘ ಆಟಕ್ಕೆ ಕೂರುವವರಿಗೆ ಇನ್ನೊಂದು ಅಂಕ ಇದೆ: ರಸ್ತೆ ಬರುವುದು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿದ. ಮುಂದಿನ ಕೆಲವೇ ವರ್ಷಗಳಲ್ಲಿ ಎಕರೆಗೆ ಒಂದು ರೂಪಾಯಿಯಂತೆ ತೋಡರಿಂದ ನೆಲ ಪಡೆದು ಕಲ್ಲುಬಂಗಲೆ ಕಟ್ಟಿದ. ಆಲೂಗಡ್ಡೆ, ಕಾಫಿ, ಟೀ ಬಂದವು. ರೈಲು 1899ರಲ್ಲಿ ಕೂನೂರಿಗೂ 1908ರಲ್ಲಿ ಊಟಿಗೂ ಮುಟ್ಟಿತು. ಸಂತೆಯಲ್ಲಿ ಅಗ್ಗದ ಕತ್ತಿ ಸಿಗತೊಡಗಿದ ಮೇಲೆ ಕೋತನ ಕುಲುಮೆಯ ಹಂಗು ಯಾಕೆ? 1930ರ ದಶಕದ ಹೊತ್ತಿಗೆ ಬಡಗರಲ್ಲೇ ಸುಧಾರಕರೆದ್ದು ಸಾವಿಗೆ ಕೋತರ ವಾದ್ಯ ಬೇಡವೆಂದರು, ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಹಟ್ಟಿಹಟ್ಟಿಯಲ್ಲಿ ಜಗಳವಾಯಿತು. ಗಮನಿಸಬೇಕಾದ್ದು, ಯಂತ್ರ ಬಂದ ಕೂಡಲೆ ಮಂತ್ರ ಓಡಿಹೋಗಲಿಲ್ಲ. ಮೊದಲು ಕಳಚಿಕೊಂಡದ್ದು ಕಮ್ಮಾರ ಮತ್ತು ವಾದ್ಯಗಾರನ ನಂಟು. ಮಾಟದ ಅಂಜಿಕೆ ಹಣದ ಕಾಲದಲ್ಲೂ ಉಳಿಯಿತು, ಕೂಲಿ ಮಾತ್ರ ನಿಂತಿತು. ಆಟದಲ್ಲಿ ಇದನ್ನು ತರುವುದು ಸುಲಭ. ಒಂದು ಹಂತದಲ್ಲಿ ಮೇಜಿನ ಮೇಲೆ ಹುಣಸೆಬೀಜದ ಬದಲು ನಾಣ್ಯ ಇಡಿ. ನಾಣ್ಯಕ್ಕೆ ಋಣ ಇಲ್ಲ, ಕೊಟ್ಟ ಮೇಲೆ ಮುಗಿಯಿತು. ಗಡಿಗೆ ಮಾತ್ರ ಅಲ್ಲೇ ಇರುತ್ತದೆ.

ಒಂದು ವಿಷಯದಲ್ಲಿ ನನಗೂ ಈ ಆಟ ಆಡುವ ಗೆಳೆಯರಿಗೂ ಒಮ್ಮತವಿಲ್ಲ. ಕಾಡಿನವನ ಪಾತ್ರವನ್ನು ಗೇಮ್ ಮಾಸ್ಟರೇ ಇಟ್ಟುಕೊಳ್ಳಲಿ, ಅವನು ನಿಗೂಢವಾಗಿರಬೇಕು ಎನ್ನುತ್ತಾರೆ ಅವರು. ನಿಗೂಢತೆಯೇ ಇಲ್ಲಿನ ತೊಂದರೆ ಎಂಬುದು ನನ್ನ ವಾದ. ಆ ಪಾತ್ರವನ್ನು ಒಬ್ಬ ಆಟಗಾರನಿಗೇ ಕೊಡಬೇಕು, ಅರ್ಥ ಹೇಳುವುದರಲ್ಲಿ ಗಟ್ಟಿಗನಿಗೆ. ಬಿತ್ತನೆಯ ದಿನ ಯಾಕೆ ಬರಲಿಲ್ಲವೆಂದು ಅವನು ಹೇಳಬೇಕು: ಮಗುವಿಗೆ ಜ್ವರ ಇರಬಹುದು, ಆನೆ ದಾರಿಗೆ ಅಡ್ಡ ನಿಂತಿರಬಹುದು, ಹೊಟ್ಟು ಬೆರೆಸಿದ ರಾಗಿಯನ್ನು ಅವನು ಮರೆಯದಿರಬಹುದು. ಗಡಿಗೆ ತುಂಬಿ ಊರು ಕೂಡಿದಾಗ ಉಳಿದವರ ಎದುರು ಕೂತು ವಾದಿಸಬೇಕು. ತನ್ನ ಮಂತ್ರ ಫಲಿಸುತ್ತದೋ ಇಲ್ಲವೋ ಎಂಬುದು ಅವನಿಗೂ ಗೊತ್ತಿಲ್ಲ ಎಂಬ ನಿಯಮವನ್ನು ಅವನ ಕಾಗದದಲ್ಲಿ ಮಾತ್ರ ಬರೆದಿದ್ದೇನೆ, ಬೇರೆಯವರಿಗೆ ತೋರಿಸುವುದು ಬಿಡುವುದು ಅವನಿಗೆ ಬಿಟ್ಟದ್ದು. ಬೀಜಗಳನ್ನೆಲ್ಲ ಒಮ್ಮೆಗೇ ತೋರಿಸಿ, ನನ್ನ ಬಾಕಿ ಚುಕ್ತಾ ಮಾಡಿ, ನಿಮ್ಮ ಹೊಲ ನೀವೇ ಕಾದುಕೊಳ್ಳಿ ಎಂದು ಅವನು ಎದ್ದು ನಡೆದರೆ ಮುಂದೇನು ಎಂಬುದಕ್ಕೆ ಇನ್ನೂ ನಿಯಮ ಬರೆದಿಲ್ಲ. ಉಳಿದ ಮೂವರಿಗೆ ಅದನ್ನು ಅಲ್ಲೇ ಯೋಚಿಸಲು ಬಿಡುವ ಉದ್ದೇಶವಿದೆ.